ಪೈಪ್ ಆರ್ಗನ್ ನುಡಿಸಿ ಬದುಕು ಕಟ್ಟಿಕೊಳ್ಳುವುದು ಹೇಗೆ

ಪಿಯಾನೋದಲ್ಲಿ ನಾಲ್ಕೈದು ಗ್ರೇಡ್ ದಾಟಿದ ಮಕ್ಕಳು, ಕೆಲವೊಮ್ಮೆ ಅವರ ಅಪ್ಪ ಅಮ್ಮ, ಮೊದಲು ಕೇಳುವುದು ಕಾಲೇಜಿನ ವಿಷಯ. ಕನ್ಸರ್ಟ್ ಆರ್ಗನಿಸ್ಟ್, ಅಂದರೆ ಕಚೇರಿ ಕೊಡುವ ಆರ್ಗನ್ ವಾದಕ ಆಗಬೇಕು, ಎಲ್ಲಿ ಸೇರಬೇಕು, ಎಷ್ಟು ಖರ್ಚಾಗುತ್ತೆ? ಕಾಲೇಜಿನ ಮಾತು ಆಮೇಲೆ. ಮೊದಲು ಇಷ್ಟು ಹೇಳಿ: ನೀವು ವಾರಕ್ಕೆ ಮೂರ್ನಾಲ್ಕು ಸಲ ಹೋಗಿಬರಬಹುದಾದ ದೂರದಲ್ಲಿ ಪೈಪ್ ಆರ್ಗನ್, ಅಂದರೆ ಹೆಚ್ಚಾಗಿ ಚರ್ಚುಗಳಲ್ಲಿರುವ ದೊಡ್ಡ ಕೊಳವೆ ವಾದ್ಯ, ಇದೆಯಾ? ಇದ್ದರೆ ಆ ಕಟ್ಟಡದ ಕೀಲಿಕೈ ಯಾರ ಹತ್ತಿರ ಇದೆ?

ತಮಾಷೆಗೆ ಹೇಳುತ್ತಿಲ್ಲ. ಪಿಟೀಲಿನವರು ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಬಸ್ ಹತ್ತುತ್ತಾರೆ. ಪಿಯಾನೋದವರು ಸಾಲ ಮಾಡಿಯಾದರೂ ಮನೆಗೊಂದು ತರುತ್ತಾರೆ. ಪೈಪ್ ಆರ್ಗನ್ ಅಂದರೆ ಕಟ್ಟಡದ ಒಂದು ಭಾಗವೇ. ಅದನ್ನು ಹೊತ್ತು ತರಲಿಕ್ಕಾಗುವುದಿಲ್ಲ, ಕೊಳ್ಳಲಿಕ್ಕೂ ನಮ್ಮಂಥವರಿಂದ ಆಗುವುದಿಲ್ಲ. ಈ ವೃತ್ತಿಯಲ್ಲಿ ಮುಂದೆ ಬಂದ ಹೆಚ್ಚಿನವರು ಬೇರೆಯವರ ಕಟ್ಟಡದಲ್ಲಿ, ಬೇರೆಯವರು ಬಿಟ್ಟುಕೊಟ್ಟ ಹೊತ್ತಿನಲ್ಲಿ ಕಲಿತವರೇ. ಹಾಗಾಗಿ ಬೆರಳು ಎಷ್ಟು ಚುರುಕಿರಬೇಕೋ ಚರ್ಚಿನ ಕಾವಲುಗಾರನ ಜೊತೆಗಿನ ಸ್ನೇಹವೂ ಅಷ್ಟೇ ಗಟ್ಟಿ ಇರಬೇಕು.

ವಾದ್ಯ ಗೊತ್ತಿಲ್ಲದವರಿಗೆ ಎರಡು ಮಾತು. ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ನೋಡಿದ್ದೀರಲ್ಲ, ಅದರಲ್ಲಿ ಕಾಲು ಗಾಳಿ ತುಂಬುತ್ತೆ, ಕೈ ಸ್ವರ ನುಡಿಸುತ್ತೆ. ಪೈಪ್ ಆರ್ಗನ್ನಿನಲ್ಲಿ ಗಾಳಿಯನ್ನು ಮೋಟರಿನ ಬ್ಲೋವರ್ ತುಂಬುತ್ತೆ. ಕಾಲು ಬಿಡುವಾಯಿತು ಅಂದುಕೊಳ್ಳಬೇಡಿ, ಅದಕ್ಕೆ ಪ್ರತ್ಯೇಕ ಕೀಬೋರ್ಡೇ ಇದೆ. ಅದರ ಹೆಸರು ಪೆಡಲ್‌ಬೋರ್ಡ್, ಅದರಲ್ಲಿ ಸಾಮಾನ್ಯವಾಗಿ 30 ಅಥವಾ 32 ಮರದ ಮನೆಗಳು. ಕೈಗಳಿಗೆ ಎರಡು, ಮೂರು, ದೊಡ್ಡ ವಾದ್ಯದಲ್ಲಿ ನಾಲ್ಕೈದು ಕೀಬೋರ್ಡುಗಳು. ಇವಕ್ಕೆ ಮ್ಯಾನ್ಯುಯಲ್ ಅನ್ನುತ್ತಾರೆ. ಪಕ್ಕದಲ್ಲಿ ಎಳೆಯುವ ಗುಂಡಿಗಳು, ಅವು ಸ್ಟಾಪ್‌ಗಳು. ಒಂದೊಂದು ಸ್ಟಾಪ್ ಎಳೆದರೆ ಒಂದೊಂದು ಸಾಲು ಕೊಳವೆಗೆ ಗಾಳಿಯ ದಾರಿ ತೆರೆಯುತ್ತೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಆರ್ಗನ್ನಿಗೆ 9,999 ಕೊಳವೆಗಳಿವೆ.

ಊರಲ್ಲಿ ಕೂತು ಶುರು ಮಾಡುವುದು

ನಾನು ನುಡಿಸುವುದು, ಕಲಿಸುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಬಹಳ ಊರುಗಳ ಹಳೇ ಚರ್ಚಿನಲ್ಲಿ ಒಂದು ಆರ್ಗನ್ ಇರುತ್ತೆ. ಹೆಚ್ಚಿನವು ವಾರದ ದಿನಗಳಲ್ಲಿ ಬೀಗ ಹಾಕಿಕೊಂಡು ಸುಮ್ನೆ ಕೂತಿರುತ್ತವೆ. ಕರ್ನಾಟಕದಲ್ಲಿ ಆ ಸೌಕರ್ಯ ಇಲ್ಲ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಬ್ರಿಟಿಷರ ಕಾಲದ ಪೈಪ್ ಆರ್ಗನ್ ಇದೆ. ಇಂಥವು ಕೈಬೆರಳೆಣಿಕೆಯಷ್ಟು. ಉಳಿದ ಕಡೆ ಎಲೆಕ್ಟ್ರಾನಿಕ್ ಕೀಬೋರ್ಡ್. ಅದನ್ನೇ ಜನ ಆರ್ಗನ್ ಅನ್ನುತ್ತಾರೆ, ಅನ್ನಲಿ ಬಿಡಿ, ಆದರೆ ಪೆಡಲ್‌ಬೋರ್ಡ್ ಇಲ್ಲದ ವಾದ್ಯದಲ್ಲಿ ಆರ್ಗನ್ ಕಲಿಯಲಿಕ್ಕೆ ಆಗುವುದಿಲ್ಲ.

ಅದಕ್ಕೇ ಮೊದಲ ಮೂರು ನಾಲ್ಕು ವರ್ಷ ಪಿಯಾನೋದಲ್ಲೇ ಕಳೆಯಿರಿ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ನಿಜವಾಗಿಯೂ ಒಳ್ಳೆಯ ದಾರಿ. ಬ್ರಿಟನ್ನಿನ ಸಂಗೀತ ಪರೀಕ್ಷಾ ಸಂಸ್ಥೆಗಳಾದ ಎಬಿಆರ್‌ಎಸ್‌ಎಂ, ಟ್ರಿನಿಟಿ ಎರಡರ ಪರೀಕ್ಷೆಗಳನ್ನೂ ಬೆಂಗಳೂರಿನಲ್ಲೇ ಬರೆಯಬಹುದು. ಗ್ರೇಡ್ 5ರಿಂದ 6ರ ಮಟ್ಟದ ಪಿಯಾನೋ, ಜೊತೆಗೆ ಥಿಯರಿ, ಜೊತೆಗೆ ನೋಡಿದ ತಕ್ಷಣ ನುಡಿಸುವ ಅಭ್ಯಾಸ, ಈ ಮೂರೂ ಇದ್ದರೆ ಆರ್ಗನ್ ಮೇಷ್ಟ್ರಿಗೆ ನಿಮ್ಮನ್ನು ಕಂಡರೆ ಖುಷಿಯಾಗುತ್ತೆ. ಹದಿನೆಂಟನೇ ಶತಮಾನದ ಜರ್ಮನ್ ಸಂಯೋಜಕ ಬಾಖ್‌ನ ಎರಡು ಮೂರು ಧ್ವನಿಯ (ಒಟ್ಟಿಗೆ ಸಾಗುವ ಸ್ವರಸಾಲುಗಳ) ಸಣ್ಣ ಕೃತಿಗಳಾದ ಇನ್ವೆನ್ಷನ್‌ಗಳನ್ನು ಜಾಸ್ತಿ ನುಡಿಸಿ. ಪಿಯಾನೋದವರ ಮೆಚ್ಚಿನ ಶೋಪಾನ್‌ನನ್ನು ಬಿಡಬೇಕಿಲ್ಲ, ಆದರೆ ಆರ್ಗನ್ನಿಗೆ ಬೇಕಾದ ಬೆರಳು ಬಾಖ್‌ನಲ್ಲಿ ಸಿಗುತ್ತೆ.

ಪೆಡಲ್ಲಿಗೆ ಇವತ್ತು ಒಂದು ಉಪಾಯ ಇದೆ. ಹಾಪ್ಟ್‌ವರ್ಕ್ ಅಂತ ಒಂದು ಸಾಫ್ಟ್‌ವೇರ್, ಗ್ರ್ಯಾಂಡ್‌ಆರ್ಗ್ ಅಂತ ಇನ್ನೊಂದು, ಎರಡನೆಯದು ಪುಕ್ಕಟೆ. ನಿಜವಾದ ಆರ್ಗನ್ನುಗಳ ಒಂದೊಂದು ಕೊಳವೆಯ ದನಿಯನ್ನೂ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕಿರುತ್ತಾರೆ. ಎರಡು ಮಿಡಿ ಕೀಬೋರ್ಡನ್ನು (ಕಂಪ್ಯೂಟರಿಗೆ ಜೋಡಿಸುವಂಥವು) ಮೇಲೆ ಕೆಳಗೆ ಇಟ್ಟು, ಕೆಳಗೆ ಒಂದು ಮಿಡಿ ಪೆಡಲ್‌ಬೋರ್ಡ್ ಇಟ್ಟುಕೊಂಡರೆ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಹನ್ನೊಂದಕ್ಕೂ ನುಡಿಸಬಹುದು. ಖರ್ಚಿನಲ್ಲಿ ದೊಡ್ಡ ಪಾಲು ಪೆಡಲ್‌ಬೋರ್ಡಿನದೇ. ಕೈಲಾದರೆ ಅಳತೆ ಕೊಟ್ಟು ಬಡಗಿಯಿಂದ ಮಾಡಿಸಿ, ಒಳಗಿನ ಸ್ವಿಚ್ಚು ವೈರಿಂಗು ಗೊತ್ತಿದ್ದವರಿಂದ ಹಾಕಿಸಿ. ಅಳತೆ ಮಾತ್ರ ಅಂದಾಜಿಗೆ ಬೇಡ. ಮನೆಗಳ ನಡುವಿನ ಅಂತರ ಕಾಲಿಗೆ ಒಮ್ಮೆ ಒಗ್ಗಿಹೋದರೆ ತಪ್ಪು ಅಳತೆಯನ್ನು ಮರೆಯಲಿಕ್ಕೆ ವರ್ಷಗಟ್ಟಲೆ ಹಿಡಿಯುತ್ತೆ.

ನಮ್ಮವರಿಗೆ ಈ ಸಂಗೀತ ಹತ್ತುತ್ತಾ ಅನ್ನುವ ಅನುಮಾನ ಕೆಲವರಿಗೆ. ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆಗಿದ್ದರು. ಅರಮನೆ ಇಲ್ಲದವರಿಗೆ ದಾರಿ ಸ್ವಲ್ಪ ಉದ್ದ, ಅಷ್ಟೇ.

ಕಾಲು, ಬೂಟು, ಎಡಗೈ

ಮೊದಲು ಬೂಟು ತಗೊಳ್ಳಿ. ಬರಿಗಾಲಲ್ಲಿ ನುಡಿಸುವವರು ಇದ್ದಾರೆ, ಆದರೆ ಕಲಿಯುವಾಗ ಬೇಡ. ತೆಳ್ಳನೆ ಚರ್ಮದ ಅಟ್ಟೆ, ಒಂದು ಇಂಚು ಅಥವಾ ಅದಕ್ಕಿಂತ ಸ್ವಲ್ಪ ಎತ್ತರದ ಹಿಮ್ಮಡಿ, ಪಾದಕ್ಕೆ ಬಿಗಿಯಾಗಿ ಕೂರುವ ಹಗುರ ಬೂಟು. ರಬ್ಬರ್ ಅಟ್ಟೆ ಆಗದು, ಮರದ ಮೇಲೆ ಜಾರುವುದೇ ಇಲ್ಲ. ಆರ್ಗನ್ ಬೂಟಂತಲೇ ಮಾರುತ್ತಾರೆ, ಆದರೆ ಬಾಲ್‌ರೂಮ್ ನೃತ್ಯದ ಬೂಟಿನಲ್ಲೂ ಕೆಲಸ ನಡೆಯುತ್ತೆ. ಆ ಬೂಟು ಹಾಕಿಕೊಂಡು ಬೀದಿಗೆ ಇಳಿಯಬೇಡಿ. ಅಟ್ಟೆಗೆ ಕಚ್ಚಿಕೊಂಡ ಒಂದು ಮರಳಿನ ಹರಳು ಸಾಕು ಪೆಡಲ್ಲಿನ ಮರ ಗೀಚಿಹೋಗಲಿಕ್ಕೆ. ಚರ್ಚಿನವರಿಗೆ ಅದು ಕಂಡರೆ ಕೀಲಿಕೈ ವಾಪಸ್ ಕೇಳುತ್ತಾರೆ!

ಬೆಂಚಿನ ಎತ್ತರ ನೋಡಿಕೊಳ್ಳಿ. ಕೂತಾಗ ಪಾದ ಪೆಡಲ್ಲಿನ ಮೇಲೆ ಹಗುರವಾಗಿ ತಾಗಬೇಕು, ತನ್ನ ಭಾರಕ್ಕೇ ಒತ್ತಬಾರದು. ಬೆಂಚಿನ ಕೆಳಗೆ ಇಡಲು ಮರದ ಹಲಗೆಗಳು ಹೆಚ್ಚಿನ ಚರ್ಚಿನಲ್ಲಿ ಮೂಲೆಯಲ್ಲಿ ಬಿದ್ದಿರುತ್ತವೆ, ಹುಡುಕಿ. ಮಂಡಿಗಳನ್ನು ಹತ್ತಿರ ಇಟ್ಟುಕೊಂಡು ಕಾಲಿನ ಬೆರಳ ತುದಿಯಿಂದ, ಅದೂ ಹೆಬ್ಬೆರಳ ಕಡೆಯ ಅಂಚಿನಿಂದ ಒತ್ತಬೇಕು. ಬಾಖ್ ಮತ್ತು ಅವನಿಗಿಂತ ಹಿಂದಿನವರ ಸಂಗೀತಕ್ಕೆ ಬಹುಪಾಲು ಬೆರಳ ತುದಿಯೇ ಸಾಕು. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಸಂಗೀತಕ್ಕೆ ಬಂದರೆ ಹಿಮ್ಮಡಿಯೂ ಬೇಕಾಗುತ್ತೆ. ಕೆಳಗೆ ನೋಡಬೇಡಿ. ಕಪ್ಪು ಮನೆಗಳ ನಡುವಿನ ಸಂದುಗಳನ್ನು ಪಾದದಿಂದ ತಡವಿ ಜಾಗ ಗುರುತಿಸುವುದನ್ನು ಮೊದಲ ವಾರದಿಂದಲೇ ರೂಢಿ ಮಾಡಿಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಬಲಗೈ ಮತ್ತು ಪೆಡಲ್ ಜೊತೆಯಾಗಿ ನುಡಿಸುವುದು ಒಂದೆರಡು ವಾರದಲ್ಲಿ ಬರುತ್ತೆ. ಎಡಗೈ ಮತ್ತು ಪೆಡಲ್ ಬರುವುದಿಲ್ಲ. ಯಾಕೆ ಅಂದರೆ ಪಿಯಾನೋದಲ್ಲಿ ವರ್ಷಗಟ್ಟಲೆ ಕೆಳಗಿನ ಸ್ವರ ನುಡಿಸಿದ್ದು ಎಡಗೈ. ಕಾಲು ಆ ಕೆಲಸ ತಗೊಂಡ ತಕ್ಷಣ ಎಡಗೈ ಅದರ ಹಿಂದೆಯೇ ಓಡುತ್ತೆ. ಕಾಲು ಕೆಳಗಿಳಿದರೆ ಕೈಯೂ ಕೆಳಗಿಳಿಯುತ್ತೆ, ಹಾಳೆಯಲ್ಲಿ ಮೇಲೆ ಹೋಗು ಅಂತ ಬರೆದಿದ್ದರೂ! ಇದಕ್ಕೆ ಒಂದೇ ಮದ್ದು. ನಾಲ್ಕು ಬಾರ್, ಅಂದರೆ ತಾಳದ ನಾಲ್ಕು ಆವರ್ತದಷ್ಟು ಸಂಗೀತ ತಗೊಳ್ಳಿ, ಜಾಸ್ತಿ ಬೇಡ. ಪೆಡಲ್ ಒಂದನ್ನೇ ನುಡಿಸಿ. ಎಡಗೈ ಒಂದನ್ನೇ ನುಡಿಸಿ. ಎಡಗೈ ನುಡಿಸುತ್ತಾ ಪೆಡಲ್ ಸಾಲನ್ನು ಬಾಯಲ್ಲಿ ಹಾಡಿ. ಆಮೇಲೆ ಎರಡನ್ನೂ ಸೇರಿಸಿ, ಕೇಳಿದವರಿಗೆ ಇದು ಸಂಗೀತವೇ ಅಂತ ಅನುಮಾನ ಬರುವಷ್ಟು ನಿಧಾನಕ್ಕೆ. ಬಲಗೈಯೊಂದಿಗೆ ಪೆಡಲ್, ಎರಡು ಕೈ ಮಾತ್ರ, ಇವೂ ಆಗಬೇಕು. ಮೂರೂ ಒಟ್ಟಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಕಲಿತವರು, ಹೆಸರು ಮಾಡಿದವರು ಕೂಡ ಹೊಸ ಕೃತಿಗೆ ಇದೇ ಕ್ರಮ ಹಿಡಿಯುತ್ತಾರೆ.

ಜರ್ಮನಿಯ ಆರ್ಗನಿಸ್ಟ್ ಹೆಲ್ಮುಟ್ ವಾಲ್ಖಾ ಹರೆಯದಲ್ಲೇ ಕಣ್ಣು ಕಳೆದುಕೊಂಡವರು. ಬಾಖ್‌ನ ಕೃತಿಗಳ ಒಂದೊಂದು ಧ್ವನಿಯನ್ನೂ ಬೇರೆಯವರಿಂದ ಬಿಡಿಬಿಡಿಯಾಗಿ ನುಡಿಸಿಸಿ ಕೇಳಿ, ನೆನಪಲ್ಲಿಟ್ಟು, ಮನಸ್ಸಿನಲ್ಲೇ ಜೋಡಿಸಿಕೊಂಡು ಕಲಿತರು. ಅವರ ರೆಕಾರ್ಡಿಂಗ್ ಕೇಳಿದರೆ ಧ್ವನಿಗಳು ಒಂದಕ್ಕೊಂದು ಅಂಟಿಕೊಳ್ಳದೆ ಬೇರೆ ಬೇರೆಯಾಗಿ ಉಸಿರಾಡುವುದು ಗೊತ್ತಾಗುತ್ತೆ. ಎಡಗೈ ತಂಟೆ ಮಾಡುವಾಗ ನನ್ನ ವಿದ್ಯಾರ್ಥಿಗಳಿಗೆ ಕೇಳಿ ಅಂತ ಕೊಡುವುದು ಅದನ್ನೇ.

ಇನ್ನೊಂದು ವಿಷಯ ಪಿಯಾನೋದವರಿಗೆ ಜೀರ್ಣವಾಗುವುದಿಲ್ಲ. ಆರ್ಗನ್ನಿನ ಮನೆಯನ್ನು ಎಷ್ಟು ಜೋರಾಗಿ ಒತ್ತಿದರೂ ದನಿ ಅಷ್ಟೇ. ಒತ್ತಿ ಹಿಡಿದಷ್ಟು ಹೊತ್ತೂ ದನಿ ಕಮ್ಮಿಯಾಗದೆ ನಿಂತಿರುತ್ತೆ. ಹಾಗಾದರೆ ಒಂದು ಸ್ವರಕ್ಕೆ ಒತ್ತು ಕೊಡುವುದು ಹೇಗೆ? ಅದರ ಹಿಂದಿನ ಸ್ವರವನ್ನು ಕೂದಲೆಳೆಯಷ್ಟು ಬೇಗ ಬಿಟ್ಟು ನಡುವೆ ಒಂದು ಸಣ್ಣ ಮೌನ ಇಡಬೇಕು. ಎಲ್ಲಾ ಕಲೆಯೂ ಬೆರಳು ಎತ್ತುವುದರಲ್ಲಿದೆ. ಪಿಯಾನೋದ ಹಾಗೆ ದನಿ ಹಿಡಿದಿಡುವ ಪೆಡಲ್ ಇಲ್ಲದ ಕಾರಣ ಸ್ವರಗಳನ್ನು ಬಿಡದೆ ಕೂಡಿಸಬೇಕಾದಾಗ ಒತ್ತಿದ ಮನೆಯ ಮೇಲೇ ಒಂದು ಬೆರಳಿನ ಜಾಗಕ್ಕೆ ಇನ್ನೊಂದು ಬೆರಳನ್ನು ಸದ್ದಿಲ್ಲದೆ ತರುವ ಅಭ್ಯಾಸವೂ ಬೇಕು.

ಸ್ಟಾಪ್‌ಗಳ ಮೇಲೆ 8, 4, 16 ಅಂತ ಅಂಕಿ ಬರೆದಿರುತ್ತೆ. ಅದು ಆ ಸಾಲಿನ ಅತಿ ಉದ್ದದ ಕೊಳವೆಯ ಉದ್ದ, ಅಡಿಯಲ್ಲಿ. 8 ಅಂದರೆ ಪಿಯಾನೋದ ಶ್ರುತಿಯೇ. 4 ಒಂದು ಸ್ಥಾಯಿ ಮೇಲೆ, 16 ಒಂದು ಸ್ಥಾಯಿ ಕೆಳಗೆ. 32 ಅಡಿಯ ಸ್ಟಾಪ್ ಇದ್ದರೆ ಅದರ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 16 ಕಂಪನ, ಕಿವಿಗಿಂತ ಮೊದಲು ಬೆಂಚಿಗೆ ಗೊತ್ತಾಗುತ್ತೆ. ಒಂದು 8ರಿಂದ ಶುರು ಮಾಡಿ ಕೇಳಿ, ಸಾಲದಿದ್ದರೆ 4 ಸೇರಿಸಿ. ಹೊಸಬರು ಕೂತ ತಕ್ಷಣ ಎಲ್ಲಾ ಗುಂಡಿ ಎಳೆಯುತ್ತಾರೆ. ಖುಷಿಗೆ ಒಮ್ಮೆ ಎಳೆಯಿರಿ, ಆಮೇಲೆ ಒಳಗೆ ತಳ್ಳಿ.

ಓದು, ಡಿಪ್ಲೊಮಾ, ದುಡ್ಡು

ಯಾವ ದೇಶದ ಓದು ಅನ್ನುವುದು ಮುಂದೆ ಯಾವ ಥರದ ಕೆಲಸ ಸಿಗುತ್ತೆ ಅನ್ನುವುದನ್ನೂ ನಿರ್ಧರಿಸುತ್ತೆ.

ಜರ್ಮನಿ ನನ್ನ ಪ್ರಕಾರ ಕೈಯಲ್ಲಿ ದುಡ್ಡು ಕಮ್ಮಿ ಇರುವವರಿಗೆ ಮೊದಲ ಆಯ್ಕೆ. ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಶುಲ್ಕ ಇಲ್ಲ ಅಥವಾ ತೀರಾ ಕಮ್ಮಿ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ, ಅಂದರೆ ಸ್ಟುಟ್‌ಗಾರ್ಟ್, ಫ್ರೈಬುರ್ಗ್ ಕಡೆ, ಯುರೋಪಿನ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಅಂತ 2017ರಿಂದ ಇಟ್ಟಿದ್ದಾರೆ. ಅದೂ ಬ್ರಿಟನ್, ಅಮೆರಿಕದ ಮುಂದೆ ಏನೂ ಅಲ್ಲ. ಅಲ್ಲಿ ಚರ್ಚ್ ಸಂಗೀತಕ್ಕೇ ಪ್ರತ್ಯೇಕ ಪದವಿ ಇದೆ. ಆರ್ಗನ್, ಗಾಯನ ವೃಂದ ನಡೆಸುವುದು, ಇಂಪ್ರೊವೈಸೇಷನ್ (ಬರೆದದ್ದಿಲ್ಲದೆ ಅಲ್ಲೇ ಕಟ್ಟಿ ನುಡಿಸುವುದು) ಎಲ್ಲವೂ ಅದರಲ್ಲಿ ಸೇರಿದೆ. ಅರ್ಹತೆಯನ್ನು ಎ, ಬಿ, ಸಿ ಅಂತ ದರ್ಜೆ ಮಾಡಿದ್ದಾರೆ, ಪೂರ್ಣಾವಧಿ ಕೆಲಸ ಬೇಕಾದರೆ ಎ ಅಥವಾ ಬಿ ಇರಬೇಕು. ಜರ್ಮನಿಯ ಆರ್ಗನ್ ಕಟ್ಟುವ ಕಲೆ ಮತ್ತು ಸಂಗೀತ 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆಗ ಕೊಟ್ಟ ವಿವರದಲ್ಲಿ ದೇಶದಲ್ಲಿ 3,500 ಪೂರ್ಣಾವಧಿ ಚರ್ಚ್ ಆರ್ಗನಿಸ್ಟರು, ಹತ್ತಾರು ಸಾವಿರ ಹವ್ಯಾಸಿಗಳು ಇದ್ದಾರೆ ಅಂತಿತ್ತು. ಈ ಎರಡು ಅಂಕಿಯ ನಡುವಿನ ಅಂತರ ನೋಡಿಕೊಂಡು ಲೆಕ್ಕ ಹಾಕಿ. ಜರ್ಮನ್ ಭಾಷೆ ಬರಲೇಬೇಕು, ಪಾಠ ಎಲ್ಲಾ ಅದರಲ್ಲೇ.

ಬ್ರಿಟನ್ನಿನಲ್ಲಿ ಆರ್ಗನ್ ಸ್ಕಾಲರ್ ಅನ್ನುವ ಪದ್ಧತಿ ಇದೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕಾಲೇಜುಗಳ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುತ್ತಾ, ಗಾಯನ ವೃಂದಕ್ಕೆ ಸಹಾಯ ಮಾಡುತ್ತಾ ಪದವಿ ಓದುವುದು. ಇದರ ಅರ್ಜಿ ಉಳಿದ ವಿದ್ಯಾರ್ಥಿಗಳ ಅರ್ಜಿಗಿಂತ ಮುಂಚೆಯೇ ಹೋಗಬೇಕು, ತಡವಾದರೆ ಒಂದು ವರ್ಷ ಹೋಯಿತು ಅಂತಲೇ. ಇದಲ್ಲದೆ 1864ರಲ್ಲಿ ಶುರುವಾದ ರಾಯಲ್ ಕಾಲೇಜ್ ಆಫ್ ಆರ್ಗನಿಸ್ಟ್ಸ್ ಇದೆ. ಕಾಲೇಜು ಅಂತ ಹೆಸರು, ಕೆಲಸ ಮುಖ್ಯವಾಗಿ ಪರೀಕ್ಷೆ ಮಾಡಿ ಡಿಪ್ಲೊಮಾ ಕೊಡುವುದು. ಅಲ್ಲಿಯ ಫೆಲೋಶಿಪ್ ಪರೀಕ್ಷೆ ಅಂದರೆ ಹೆಸರು ಮಾಡಿದವರೂ ನಡುಗುತ್ತಾರೆ. ಕೃತಿ ನುಡಿಸುವುದು ಒಂದು ಭಾಗ ಮಾತ್ರ. ಕಣ್ಣಿಗೆ ಬಿದ್ದದ್ದನ್ನು ಅಲ್ಲೇ ನುಡಿಸು, ಇದನ್ನು ಬೇರೆ ಶ್ರುತಿಯಲ್ಲಿ ನುಡಿಸು, ಈ ಸಣ್ಣ ಎಳೆ ಹಿಡಿದು ಹೊಸದು ಕಟ್ಟು ಅಂತೆಲ್ಲ ಕೇಳುತ್ತಾರೆ. ಅಮೆರಿಕದಲ್ಲಿ ಇದೇ ಥರದ ಸಂಸ್ಥೆ ಅಮೆರಿಕನ್ ಗಿಲ್ಡ್ ಆಫ್ ಆರ್ಗನಿಸ್ಟ್ಸ್, 1896ರದು.

ಅಮೆರಿಕದ ಕಾಲೇಜು ದುಬಾರಿ ಅನ್ನುವ ಮಾತಿಗೆ ಎರಡು ಅಪವಾದ ನೆನಪಿಟ್ಟುಕೊಳ್ಳಿ. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ 1928ರಿಂದ ಸೇರಿದ ಎಲ್ಲರಿಗೂ ಪೂರ್ತಿ ಶುಲ್ಕ ಮಾಫಿ ಮಾಡಿದೆ. ಯೇಲ್ ವಿಶ್ವವಿದ್ಯಾಲಯದ ಇನ್‌ಸ್ಟಿಟ್ಯೂಟ್ ಆಫ್ ಸೇಕ್ರೆಡ್ ಮ್ಯೂಸಿಕ್ ಕೂಡ ಶುಲ್ಕ ತಗೊಳ್ಳುವುದಿಲ್ಲ. ಆರ್ಗನ್ನಿಗೆ ತಗೊಳ್ಳುವುದು ಬೆರಳೆಣಿಕೆಯ ಮಂದಿಯನ್ನು, ಅದು ಬೇರೆ ಮಾತು. ರಾಚೆಸ್ಟರಿನ ಈಸ್ಟ್‌ಮನ್, ಓಬರ್ಲಿನ್, ಇಂಡಿಯಾನಾ ವಿಶ್ವವಿದ್ಯಾಲಯ ಇವೂ ಆರ್ಗನ್ನಿಗೆ ಹೆಸರಾದ ಜಾಗಗಳು. ಕಾಲೇಜು ಆರಿಸುವಾಗ ಗೋಡೆಯ ಮೇಲಿನ ಹೆಸರಿಗಿಂತ ಒಂದು ಪ್ರಶ್ನೆ ಕೇಳಿ: ಅಭ್ಯಾಸಕ್ಕೆ ಎಷ್ಟು ಆರ್ಗನ್ ಇವೆ, ಒಬ್ಬ ವಿದ್ಯಾರ್ಥಿಗೆ ದಿನಕ್ಕೆ ಎಷ್ಟು ಗಂಟೆ ಸಿಗುತ್ತೆ? ಮತ್ತೆ ಕೀಲಿಕೈ ವಿಷಯವೇ.

ಚರ್ಚಿನ ಬೆಂಚು

ಬರೀ ಕಚೇರಿ ಕೊಟ್ಟುಕೊಂಡು ಬದುಕುವ ಆರ್ಗನಿಸ್ಟರು ಇಡೀ ಜಗತ್ತಿನಲ್ಲಿ ತೀರಾ ಕಮ್ಮಿ. ಪೋಸ್ಟರಿನಲ್ಲಿ ಕಾಣುವ ದೊಡ್ಡ ಹೆಸರುಗಳನ್ನು ನೋಡಿ, ಒಂದೋ ಚರ್ಚಿನಲ್ಲಿ ಹುದ್ದೆ, ಇಲ್ಲವೇ ಕಾಲೇಜಿನಲ್ಲಿ ಪಾಠ, ಹಲವರಿಗೆ ಎರಡೂ. ಒಲಿವಿಯೆ ಲಾತ್ರಿ 1985ರಿಂದ ಪ್ಯಾರಿಸ್ಸಿನ ನೋತ್ರ್ ದಾಮ್ ಆರ್ಗನಿಸ್ಟ್, ಜೊತೆಗೆ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಪಾಠ ಮಾಡಿದವರು. ಇಪ್ಪತ್ತನೇ ಶತಮಾನದ ಫ್ರೆಂಚ್ ಸಂಯೋಜಕ ಮೆಸಿಯಾನ್ 1931ರಲ್ಲಿ ಪ್ಯಾರಿಸ್ಸಿನದೇ ತ್ರಿನಿತೆ ಚರ್ಚಿಗೆ ಸೇರಿ ಸುಮಾರು ಅರವತ್ತು ವರ್ಷ ಅಲ್ಲೇ ನುಡಿಸಿದರು. ಫ್ರೆಂಚ್ ಸಂಯೋಜಕ, ಆರ್ಗನಿಸ್ಟ್ ವಿಡೋರ್ ಕತೆ ಇನ್ನೂ ಚೆನ್ನ. 1870ರಲ್ಲಿ ಪ್ಯಾರಿಸ್ಸಿನ ಸೇಂಟ್ ಸುಲ್ಪಿಸ್ ಚರ್ಚಿನವರು ಅವನನ್ನು ತಾತ್ಕಾಲಿಕ ಅಂತ ತಗೊಂಡರು, ಅವನು ಬಿಟ್ಟಿದ್ದು 1933ರ ಕೊನೆಗೆ. ಖಾಯಂ ಆದೇಶ ಬರಲೇ ಇಲ್ಲವಂತೆ. ನಮ್ಮ ಅತಿಥಿ ಉಪನ್ಯಾಸಕರಿಗೆ ಈ ಕತೆ ಹೇಳಿದರೆ ನಗುತ್ತಾರೋ ಅಳುತ್ತಾರೋ!

ಚರ್ಚಿನ ಕೆಲಸ ಅಂದರೆ ಸಂಬಳ ಮಾತ್ರ ಅಲ್ಲ, ಕೀಲಿಕೈ ಅದರ ಜೊತೆಗೇ ಬರುತ್ತೆ. ಪ್ರತಿ ಭಾನುವಾರ ಹೊಸ ಹಾಡು, ಹೊಸ ಕೃತಿ ನುಡಿಸಲೇಬೇಕಾದ್ದರಿಂದ ಭಂಡಾರ ತಾನಾಗಿ ಬೆಳೆಯುತ್ತೆ. ಈ ಕೆಲಸಕ್ಕೆ ಬೇಕಾದ ಮುಖ್ಯ ವಿದ್ಯೆ ಜನ ಹಾಡುವಾಗ ನುಡಿಸುವುದು. ಇನ್ನೂರು ಜನ ಒಟ್ಟಿಗೆ ಹಾಡುತ್ತಾ ಎಳೆಯುತ್ತಾರೆ, ನೀವು ಎಳೆಯಬಾರದು. ಸಾಲು ಮುಗಿದ ಕಡೆ ಉಸಿರಿಗೆ ಜಾಗ ಬಿಡಬೇಕು. ನುಡಿಸುತ್ತಾ ನೀವೂ ಮನಸ್ಸಿನಲ್ಲಿ ಹಾಡಿ, ನಿಮಗೆ ಉಸಿರು ಬೇಕಾದ ಕಡೆ ಅವರಿಗೂ ಬೇಕು. ಟೊಕಾಟಾದಂಥ ವೇಗದ ದೊಡ್ಡ ಕೃತಿ ನುಡಿಸಿ ಮಿಂಚಿದವರು ಸಂದರ್ಶನದಲ್ಲಿ ನಾಲ್ಕು ಚರಣದ ಸಾದಾ ಹಾಡಿಗೆ ಸೋತದ್ದನ್ನು ನೋಡಿದ್ದೇನೆ.

ಕ್ರೈಸ್ತರಲ್ಲದವರು ಈ ಕೆಲಸ ಮಾಡಬಹುದಾ ಅಂತ ಕೇಳುತ್ತಾರೆ. ಇಂಗ್ಲೆಂಡಿನ ಬಹಳ ಚರ್ಚುಗಳಲ್ಲಿ ನುಡಿಸುವವರ ನಂಬಿಕೆ ಕೇಳುವುದಿಲ್ಲ, ಆರಾಧನೆಯ ಕ್ರಮಕ್ಕೆ ಮರ್ಯಾದೆ ಕೊಟ್ಟರೆ ಸಾಕು. ಜರ್ಮನಿಯಲ್ಲಿ ಪೂರ್ಣಾವಧಿ ಹುದ್ದೆಗೆ ಚರ್ಚಿನ ಸದಸ್ಯರಾಗಿರಬೇಕು ಅಂತ ಸಾಮಾನ್ಯವಾಗಿ ಕೇಳುತ್ತಾರೆ. ಅಲ್ಲಿಗೆ ಹೊರಡುವ ಮುಂಚೆಯೇ ಇದನ್ನು ವಿಚಾರಿಸಿಕೊಳ್ಳಿ, ಪದವಿ ಮುಗಿದ ಮೇಲೆ ಗೊತ್ತಾದರೆ ಕಷ್ಟ.

ಮದುವೆ, ಶವಸಂಸ್ಕಾರಗಳಿಗೆ ಬೇರೆ ಸಂಭಾವನೆ ಇದೆ. ಬ್ರಿಟನ್ನಿನ ಚಿತಾಗಾರಗಳಲ್ಲಿ ದಿನಕ್ಕೆ ಹಲವು ಸಂಸ್ಕಾರಕ್ಕೆ ನುಡಿಸಿ ಸಂಪಾದಿಸುವವರು ಇದ್ದರು, ಈಗ ಅಲ್ಲಿ ರೆಕಾರ್ಡ್ ಮಾಡಿದ ಸಂಗೀತ ಜಾಸ್ತಿಯಾಗಿದೆ. ಅದನ್ನು ನಂಬಿ ಕೂರಬೇಡಿ.

ಬೇರೆ ಊರಿನ ಆರ್ಗನ್ನಿನ ಮುಂದೆ

ಕಚೇರಿಗಳು ಶುರುವಾಗುವುದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಇಂಗ್ಲೆಂಡಿನ ಊರೂರಿನ ಚರ್ಚುಗಳಲ್ಲಿ ವಾರದ ದಿನ ಮಧ್ಯಾಹ್ನ ನಲವತ್ತು ನಲವತ್ತೈದು ನಿಮಿಷದ ಕಚೇರಿ ಇಡುತ್ತಾರೆ, ಟಿಕೆಟ್ ಇಲ್ಲ, ಬಾಗಿಲಲ್ಲಿ ಒಂದು ತಟ್ಟೆ. ದುಡ್ಡು ರೈಲಿನ ಚಾರ್ಜಿಗೆ ಸರಿಹೋದರೆ ಪುಣ್ಯ. ಆದರೂ ಒಪ್ಪಿಕೊಳ್ಳಿ. ದೊಡ್ಡ ಹೆಸರು ಬೇಕಾದರೆ ಸ್ಪರ್ಧೆಗಳಿವೆ: 1963ರಲ್ಲಿ ಶುರುವಾದ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್, ಫ್ರಾನ್ಸಿನ ಶಾರ್ತ್ರ್, ಕೆನಡಾದ ಮಾಂಟ್ರಿಯಲ್, ಇಂಪ್ರೊವೈಸೇಷನ್ನಿಗೇ ಮೀಸಲಾದ ನೆದರ್ಲೆಂಡ್ಸಿನ ಹಾರ್ಲೆಮ್. ವಯಸ್ಸಿನ ಮಿತಿ ಇರುತ್ತೆ, ಹೆಚ್ಚಾಗಿ ಮೂವತ್ತರ ಆಸುಪಾಸು. ಗೆದ್ದರೆ ಬಹುಮಾನದ ದುಡ್ಡಿಗಿಂತ ಆಮೇಲೆ ಬರುವ ಆಹ್ವಾನಗಳು ದೊಡ್ಡವು.

ಕಾರ್ಯಕ್ರಮದ ಪಟ್ಟಿ ಮಾಡುವ ಮುಂಚೆ ಆ ಆರ್ಗನ್ನಿನ ಸ್ಟಾಪ್ ಪಟ್ಟಿ ತರಿಸಿಕೊಳ್ಳಿ. ಎರಡು ಮ್ಯಾನ್ಯುಯಲ್ಲಿನ ಸಣ್ಣ ವಾದ್ಯದ ಮೇಲೆ ವಿಡೋರ್‌ನ ಟೊಕಾಟಾ ನುಡಿಸಬಹುದು, ಕೇಳಲಿಕ್ಕೆ ಏನೂ ಇರುವುದಿಲ್ಲ. ಅದೇ ವಾದ್ಯದಲ್ಲಿ ಬಾಖ್‌ಗಿಂತ ಹಿಂದಿನ ತಲೆಮಾರಿನ ಸಂಯೋಜಕ ಬುಕ್ಸ್ಟೆಹುಡೆ ಹೊಳೆಯುತ್ತಾನೆ. ಇವನನ್ನು ಕೇಳಲಿಕ್ಕೆ ಅಂತಲೇ 1705ರಲ್ಲಿ ಇಪ್ಪತ್ತರ ಬಾಖ್ ಆರ್ನ್‌ಸ್ಟಾಟ್‌ನಿಂದ ಲ್ಯೂಬೆಕ್‌ಗೆ ಸುಮಾರು 400 ಕಿಲೋಮೀಟರ್ ನಡೆದುಕೊಂಡು ಹೋದದ್ದು. ನಾಲ್ಕು ವಾರದ ರಜೆ ಹಾಕಿ ನಾಲ್ಕು ತಿಂಗಳಷ್ಟು ಉಳಿದ, ವಾಪಸ್ ಬಂದಾಗ ಬೈಸಿಕೊಂಡ.

ಕಚೇರಿಗೆ ಹಿಂದಿನ ದಿನವೇ ಹೋಗಿ. ಸಾಧ್ಯವಾದರೆ ಎರಡು ದಿನ ಮುಂಚೆ. ಮೊದಲ ಗಂಟೆ ಕೃತಿಗಳನ್ನು ಮುಟ್ಟಬೇಡಿ. ಒಂದೊಂದೇ ಸ್ಟಾಪ್ ಎಳೆದು ಕೇಳಿ, ಹೆಸರನ್ನು ನಂಬಬೇಡಿ. ಒಂದೇ ಹೆಸರಿನ ಸ್ಟಾಪ್ ಒಂದು ಊರಲ್ಲಿ ಪಿಸುಗುಡುತ್ತೆ, ಇನ್ನೊಂದು ಊರಲ್ಲಿ ಕಿರುಚುತ್ತೆ. ಆಮೇಲೆ ಕೃತಿಯ ಒಂದೊಂದು ಭಾಗಕ್ಕೆ ಯಾವ ಸ್ಟಾಪ್‌ಗಳು ಅಂತ ಗೊತ್ತುಮಾಡಿಕೊಂಡು ಪಿಸ್ಟನ್‌ಗಳಲ್ಲಿ ಉಳಿಸಿ. ಪಿಸ್ಟನ್ ಅಂದರೆ ಕೀಬೋರ್ಡಿನ ಕೆಳಗಿನ ಸಣ್ಣ ಗುಂಡಿ, ಒತ್ತಿದರೆ ಉಳಿಸಿಟ್ಟ ಸ್ಟಾಪ್‌ಗಳೆಲ್ಲ ಒಟ್ಟಿಗೆ ಬರುತ್ತವೆ. ಮೆಮೊರಿಯ ಯಾವ ಸಂಖ್ಯೆ ನಿಮ್ಮದು ಅಂತ ಅಲ್ಲಿಯ ಆರ್ಗನಿಸ್ಟರನ್ನು ಕೇಳಿ, ಅವರದನ್ನು ಅಳಿಸಿಬಿಟ್ಟರೆ ಭಾನುವಾರ ಬೆಳಿಗ್ಗೆ ಅವರು ನಿಮ್ಮನ್ನು ನೆನೆಯುತ್ತಾರೆ. ಹಳೇ ವಾದ್ಯದಲ್ಲಿ ಪಿಸ್ಟನ್ ಇರುವುದಿಲ್ಲ, ಪಕ್ಕದಲ್ಲಿ ನಿಂತು ಸ್ಟಾಪ್ ಎಳೆಯಲು, ಹಾಳೆ ತಿರುಗಿಸಲು ಒಬ್ಬರು ಬೇಕು. ಅವರಿಗೆ ಪೆನ್ಸಿಲ್ಲಿನಲ್ಲಿ ದೊಡ್ಡದಾಗಿ ಬರೆದುಕೊಡಿ. ಕಾರ್ಯಕ್ರಮದ ಹಾಳೆಯಲ್ಲಿ ಅವರ ಹೆಸರೂ ಹಾಕಿಸಿ.

ಕನ್ಸೋಲಿನಲ್ಲಿ, ಅಂದರೆ ಕೀಬೋರ್ಡು, ಸ್ಟಾಪ್‌ಗಳಿರುವ ಜಾಗದಲ್ಲಿ ಕೂತು ಕೇಳಿದ್ದು ಕೆಳಗೆ ಕೂತವರಿಗೆ ಕೇಳಿಸುವುದಿಲ್ಲ. ಯಾರನ್ನಾದರೂ ನುಡಿಸಲು ಹೇಳಿ ನೀವು ಹಾಲಿನ ಮಧ್ಯಕ್ಕೆ ಹೋಗಿ ಕೇಳಿ. ದೊಡ್ಡ ಕಥೀಡ್ರಲ್‌ಗಳಲ್ಲಿ ದನಿ ಅಡಗಲು ಏಳೆಂಟು ಸೆಕೆಂಡು ಬೇಕು, ಅಲ್ಲಿ ಮನೆಯಲ್ಲಿ ನುಡಿಸಿದ ವೇಗಕ್ಕೆ ನುಡಿಸಿದರೆ ಬರೀ ಕಲಸುಮೇಲೋಗರ. ಕೊಳವೆಗಳು ಕನ್ಸೋಲಿನಿಂದ ದೂರ ಇದ್ದರೆ ನೀವು ಒತ್ತಿದ ಸ್ವರ ನಿಮಗೇ ತಡವಾಗಿ ಕೇಳುತ್ತೆ. ಕಿವಿಯನ್ನು ಕಾಯುತ್ತಾ ಕೂತರೆ ಲಯ ಇಳಿಯುತ್ತಲೇ ಹೋಗುತ್ತೆ, ಬೆರಳನ್ನು ನಂಬಿ ಮುಂದೆ ಹೋಗಬೇಕು. ಚಳಿಗಾಲದಲ್ಲಿ ವಾರದ ದಿನ ಚರ್ಚಿಗೆ ಹೀಟರ್ ಹಾಕುವುದಿಲ್ಲ, ಬೆರಳ ತುದಿ ಕತ್ತರಿಸಿದ ಕೈಗವಸು ಚೀಲದಲ್ಲಿರಲಿ. ಕಚೇರಿಯ ಹೊತ್ತಿಗೆ ಹೀಟರ್ ಹಾಕಿದರೆ ಶ್ರುತಿಯೂ ಏರುತ್ತೆ, ನಾಲಗೆ ಇರುವ ರೀಡ್ ಕೊಳವೆಗಳು ಮಾತ್ರ ಉಳಿದವುಗಳ ಜೊತೆ ಏರುವುದಿಲ್ಲ. ಅಂಥ ದಿನ ರೀಡ್ ಕಮ್ಮಿ ಬಳಸಿ.

ಕರ್ನಾಟಕ ಸಂಗೀತ ಕಲಿತು ಬಂದವರಿಗೆ ಇಲ್ಲಿ ಒಂದು ಅನುಕೂಲ ಇದೆ, ಯಾರೂ ಹೇಳುವುದಿಲ್ಲ. ಆರ್ಗನ್ನಿನಲ್ಲಿ ಇವತ್ತಿಗೂ ಇಂಪ್ರೊವೈಸೇಷನ್ ಜೀವಂತವಾಗಿದೆ, ಫ್ರಾನ್ಸಿನಲ್ಲಂತೂ ಸಭಿಕರು ಲಕೋಟೆಯಲ್ಲಿ ಕೊಟ್ಟ ರಾಗದ ಎಳೆ ಹಿಡಿದು ಕಲಾವಿದರು ಅಲ್ಲೇ ದೊಡ್ಡ ಕೃತಿ ಕಟ್ಟುತ್ತಾರೆ. ಮನೋಧರ್ಮ ಸಂಗೀತಕ್ಕೆ ಒಗ್ಗಿದವರಿಗೆ ಆ ಹೆದರಿಕೆ ಕಮ್ಮಿ. ಲಯದಲ್ಲೂ ಅಷ್ಟೇ. ಮೆಸಿಯಾನ್ ಶಾರ್ಙ್ಗದೇವನ ಸಂಗೀತ ರತ್ನಾಕರದ 120 ದೇಶೀ ತಾಳಗಳ ಪಟ್ಟಿಯನ್ನು ಇಟ್ಟುಕೊಂಡು ಅಭ್ಯಾಸ ಮಾಡಿದವರು, ಅವರ ಆರ್ಗನ್ ಕೃತಿಗಳಲ್ಲಿ ಆ ತಾಳಗಳು ಬರುತ್ತವೆ. ಐದು, ಏಳರ ಎಣಿಕೆಗೆ ಇಲ್ಲಿನ ವಿದ್ಯಾರ್ಥಿಗಳು ಒದ್ದಾಡುವಾಗ ಖಂಡ, ಮಿಶ್ರ ಕೈಯಲ್ಲಿ ಹಾಕಿ ಬೆಳೆದವರು ಸಲೀಸಾಗಿ ದಾಟುತ್ತಾರೆ. ಹಾರ್ಮನಿ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವ ವಿದ್ಯೆ ಮಾತ್ರ ಸೊನ್ನೆಯಿಂದ ಕಲಿಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಕಲಿಸುವುದು

ಪಾಠ ಶುರು ಮಾಡಲು ದೊಡ್ಡ ಹೆಸರು ಬರುವ ತನಕ ಕಾಯಬೇಡಿ. ಆರ್ಗನ್ ಕಲಿಯಬೇಕು ಅನ್ನುವವರಲ್ಲಿ ಮೂರು ಥರ. ಪಿಯಾನೋ ಬಲ್ಲ ಮಕ್ಕಳು. ಚರ್ಚಿನಲ್ಲಿ ಯಾರೂ ಇಲ್ಲ, ನೀನೇ ನುಡಿಸು ಅಂತ ಕೂರಿಸಲ್ಪಟ್ಟ ದೊಡ್ಡವರು. ನಿವೃತ್ತಿಯಾದ ಮೇಲೆ ಬಹಳ ದಿನದ ಆಸೆ ತೀರಿಸಿಕೊಳ್ಳಲು ಬರುವವರು. ಮಕ್ಕಳ ವಿಷಯದಲ್ಲಿ ಮೊದಲು ನೋಡಬೇಕಾದ್ದು ಕಾಲು ಪೆಡಲ್ಲಿಗೆ ಎಟುಕುತ್ತಾ ಅಂತ. ಎಟುಕದಿದ್ದರೆ ಪಿಯಾನೋ ಮುಂದುವರಿಸಲಿ, ಕೈಗಳಿಗಷ್ಟೇ ಬರೆದ ಆರ್ಗನ್ ಕೃತಿಗಳೂ ಬೇಕಾದಷ್ಟಿವೆ. ಬಗ್ಗಿ ಚಾಚಿ ನುಡಿಸಿದರೆ ಬೆನ್ನು ಹಾಳು. ಮೊದಲ ಪಾಠದಲ್ಲೇ ಮಕ್ಕಳನ್ನು ಕೊಳವೆಗಳ ಒಳಗೆ ಕರೆದುಕೊಂಡು ಹೋಗಿ, ಅಲ್ಲಿಯವರ ಒಪ್ಪಿಗೆ ತಗೊಂಡು. ಹದಿನಾರು ಅಡಿಯ ಕೊಳವೆಯ ಬುಡದಲ್ಲಿ ನಿಂತ ಮಗು ಮುಂದಿನ ವಾರ ತಪ್ಪದೆ ಬರುತ್ತೆ.

ಚರ್ಚಿನಲ್ಲಿ ಬಲವಂತಕ್ಕೆ ಕೂತ ದೊಡ್ಡವರಿಗೆ ಪೂರ್ತಿ ಪದ್ಧತಿ ಹೇರಬೇಡಿ. ಅವರಿಗೆ ಬರುವ ಭಾನುವಾರಕ್ಕೆ ಮೂರು ಹಾಡು ಬೇಕು. ಕೈಯಲ್ಲಿ ನಾಲ್ಕು ಧ್ವನಿ, ಕಾಲಲ್ಲಿ ಸಾಲಿನ ಮೊದಲ ಮತ್ತು ಕೊನೆಯ ಸ್ವರ ಮಾತ್ರ. ಅಷ್ಟು ಬಂದರೆ ಧೈರ್ಯ ಬರುತ್ತೆ, ಆಮೇಲೆ ನಡುವಿನ ಸ್ವರಗಳನ್ನು ಸೇರಿಸುತ್ತಾ ಹೋಗಿ.

ಫೀಸಿನ ಮಾತು ಮೊದಲೇ ಬರೆದು ಕೊಡಿ: ಎಷ್ಟು, ಯಾವಾಗ, ಪಾಠ ತಪ್ಪಿಸಿದರೆ ಏನು. ಪಾಠಕ್ಕೆ ಚರ್ಚಿನ ಆರ್ಗನ್ ಬಳಸುವಾಗ ಅವರಿಗೂ ಗಂಟೆಗೆ ಇಷ್ಟು ಅಂತ ಕೊಡುವುದು ವಾಡಿಕೆ, ಅದನ್ನು ಫೀಸಿನಲ್ಲಿ ಸೇರಿಸಿ ಹೇಳಿ. ಮಕ್ಕಳಿಗೆ ಕಲಿಸಬೇಕಾದರೆ ಬ್ರಿಟನ್ನಿನಲ್ಲಿ ಪೊಲೀಸ್ ದಾಖಲೆಯ ತಪಾಸಣೆ ಕೇಳುತ್ತಾರೆ. ಅದು ನಿಮ್ಮ ಮೇಲಿನ ಅನುಮಾನ ಅಂದುಕೊಳ್ಳಬೇಡಿ, ಎಲ್ಲರಿಗೂ ಅದೇ.

ಕೀಲಿಕೈ ಕೇಳುವ ಪತ್ರ ಹೇಗಿರಬೇಕು ಅಂತ ಹಲವರು ಕೇಳುತ್ತಾರೆ. ಚಿಕ್ಕದಾಗಿರಲಿ. ಮೊದಲು ಅಲ್ಲಿಯ ಆರ್ಗನಿಸ್ಟರಿಗೆ ಬರೆಯಿರಿ, ಅವರನ್ನು ದಾಟಿ ನೇರವಾಗಿ ಸಭಾಪಾಲಕರಿಗೆ ಬರೆದರೆ ಒಳಗೊಳಗೇ ಮುನಿಸು. ನೀವು ಯಾರು, ಯಾರ ಹತ್ತಿರ ಕಲಿಯುತ್ತೀರಿ, ವಾರದಲ್ಲಿ ಯಾವ ಹೊತ್ತು ಬರಬಲ್ಲಿರಿ ಅನ್ನುವುದನ್ನು ಮೂರು ಸಾಲಿನಲ್ಲಿ ಹೇಳಿ. ಆರ್ಗನ್ ಬೂಟು ಬೇರೆ ಇದೆ ಅಂತಲೂ, ಕರೆಂಟಿನ ಖರ್ಚು ಕೊಡುತ್ತೇನೆ ಅಂತಲೂ, ಹೂವಿನ ಅಲಂಕಾರಕ್ಕೋ ಕಸ ಗುಡಿಸಲಿಕ್ಕೋ ಜನ ಬಂದರೆ ನಿಲ್ಲಿಸುತ್ತೇನೆ ಅಂತಲೂ ಸೇರಿಸಿ. ರಜೆಯ ಮೇಲೆ ಹೋದ ಭಾನುವಾರ ಅವರ ಬದಲಿಗೆ ನುಡಿಸಲು ತಯಾರು ಅನ್ನುವ ಸಾಲನ್ನು ಕೊನೆಗೆ ಇಡಿ. ಹೆಚ್ಚಿನ ಆರ್ಗನಿಸ್ಟರು ಆ ಸಾಲು ಓದಿಯೇ ಉತ್ತರ ಬರೆಯುವುದು.